ಏಲಕ್ಕಿಯ ಒಳಗೊಂದು ಕಾವಲು

(ಮಲೆನಾಡಿನ ಕೃಷಿಕರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಟ್ಟೆ ರೋಗದ ಹೆಸರು ಕೇಳದ ಏಲಕ್ಕಿ ಬೆಳೆಗಾರರು ಈ ಸಭೆಯಲ್ಲಿ ಇರಲಾರರು. ಎಳೆಯ ಎಲೆಯಲ್ಲಿ ನಡುನರದಿಂದ ಅಂಚಿನತ್ತ ತಿಳಿಹಸಿರು ಗೆರೆಗಳು ಮೂಡುತ್ತವೆ. ಹೊಸ ಕಂದುಗಳು ಕುಗ್ಗುತ್ತ ಬರುತ್ತವೆ. ಕೆಲವೇ ವರ್ಷಗಳಲ್ಲಿ ಬುಡ ಫಲ ಕೊಡುವುದನ್ನು ನಿಲ್ಲಿಸುತ್ತದೆ.

ಹಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ನಾನೇ ಒಂದು ತಪ್ಪು ಮಾಡಿದೆ. ರೋಗ ತಗುಲಿದ ಬುಡವೊಂದರಲ್ಲಿ ಗೆರೆಗಳಿಲ್ಲದ, ಪುಷ್ಟವಾದ ಎರಡು ಕಂದುಗಳು ಕಂಡವು. ಇವು ರೋಗವನ್ನು ಗೆದ್ದಿವೆ ಎಂದು ಬಗೆದು, ಬೇರ್ಪಡಿಸಿ, ಆರೋಗ್ಯವಂತ ಸಾಲಿನಲ್ಲಿ ನೆಟ್ಟೆ. ಮುಂದಿನ ಮಳೆಗಾಲದೊಳಗೆ ಎರಡರಲ್ಲಿಯೂ ಗೆರೆಗಳು ಮೂಡಿದವು; ರೋಗ ಆ ಸಾಲಿಗೆಲ್ಲ ಹಬ್ಬಿತು. ಸಸ್ಯಶಾಸ್ತ್ರ ಓದಿದವನೇ ಮೋಸಹೋದದ್ದು ಹೇಗೆ? ಉತ್ತರ ಗಿಡದ ಜೀವಕೋಶದೊಳಗಿದೆ.

ನಮ್ಮ ರಕ್ತದಲ್ಲಿ ರೋಗಾಣುಗಳನ್ನು ಹುಡುಕುತ್ತ ತಿರುಗುವ ಬಿಳಿ ಕಣಗಳಿವೆ. ಗಿಡಕ್ಕೆ ಅಂತಹ ಸಂಚಾರಿ ಕಾವಲಿಲ್ಲ. ಅಲ್ಲಿ ಪ್ರತಿಯೊಂದು ಜೀವಕೋಶವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು. ಹಾಗಾದರೆ ತನ್ನದು ಯಾವುದು, ಹೊರಗಿನದು ಯಾವುದು ಎಂದು ಅದು ಅರಿಯುವುದು ಹೇಗೆ?

ಜೀವಕೋಶದ ಮೂಲಗ್ರಂಥ ಡಿಎನ್‌ಎ. ಅದರಿಂದ ಬೇಕಾದ ಪುಟವನ್ನು ನಕಲು ಮಾಡಿದರೆ ಆರ್‌ಎನ್‌ಎ ದೊರೆಯುತ್ತದೆ. ಪ್ರೋಟೀನು ತಯಾರಿಕೆಗೆ ಹೋಗುವ ಈ ನಕಲು ಒಂದೇ ಎಳೆಯದು. ಕಟ್ಟೆ ರೋಗದ ವೈರಸ್ಸಿಗಾದರೋ ಆರ್‌ಎನ್‌ಎಯೇ ಮೂಲಗ್ರಂಥ. ಅದು ವೃದ್ಧಿಯಾಗಬೇಕಾದರೆ ತನ್ನ ಎಳೆಗೆ ಎದುರಚ್ಚಿನಂತಹ ಇನ್ನೊಂದು ಎಳೆಯನ್ನು ಮಾಡಿಕೊಳ್ಳಬೇಕು. ಆಗ ಎರಡೂ ಬೆಸೆದು ಉದ್ದನೆಯ ಜೋಡಿ ಎಳೆಯಾಗುತ್ತದೆ. ಜೀವಕೋಶಕ್ಕೆ ಇದೇ ಅಪಾಯದ ಗುರುತು.

ಡೈಸರ್ ಎಂಬ ಕಿಣ್ವವು ಈ ಜೋಡಿ ಎಳೆಯನ್ನು 21ರಿಂದ 24 ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನು ಚೂರಿನ ಒಂದು ಎಳೆಯನ್ನು ಮಾದರಿಯಾಗಿ ಹಿಡಿದುಕೊಂಡು, ಅದಕ್ಕೆ ಹೊಂದುವ ವೈರಸ್ ಆರ್‌ಎನ್‌ಎ ಎಲ್ಲಿ ಸಿಕ್ಕಿದರೂ ತುಂಡರಿಸುತ್ತದೆ. ಇಷ್ಟೇ ಅಲ್ಲ, ಈ ಎಚ್ಚರಿಕೆಯ ಸಂದೇಶ ಕೋಶದಿಂದ ಕೋಶಕ್ಕೆ, ಆಹಾರ ಸಾಗಿಸುವ ನಾಳಗಳ ಮೂಲಕ ಮೇಲಿನ ಎಲೆಗಳಿಗೂ ತಲುಪುತ್ತದೆ.

1928ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ವಿಂಗಾರ್ಡ್ ಎಂಬ ವಿಜ್ಞಾನಿ ಇದರ ಪರಿಣಾಮವನ್ನು ಕಣ್ಣಾರೆ ಕಂಡರು. ವೈರಸ್ ತಗುಲಿದ ತಂಬಾಕು ಗಿಡದ ಕೆಳಗಿನ ಎಲೆಗಳಲ್ಲಿ ಉಂಗುರದಂತಹ ಕಲೆಗಳಿದ್ದವು. ಅನಂತರ ಚಿಗುರಿದ ಎಲೆಗಳು ನಿರ್ಮಲವಾಗಿದ್ದವು. ಕಾರಣ ತಿಳಿಯಲು ಸುಮಾರು 70 ವರ್ಷ ಬೇಕಾಯಿತು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರು ಸಣ್ಣ ಹುಳುವೊಂದರಲ್ಲಿ ಜೋಡಿ ಎಳೆಯ ಆರ್‌ಎನ್‌ಎಯ ಈ ಪ್ರಭಾವವನ್ನು ತೋರಿಸಿದರು. 2006ರಲ್ಲಿ ನೊಬೆಲ್ ಪಡೆದರು. 1999ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಮತ್ತು ಬೋಲ್ಕೂಂಬ್ ಅವರು ಗಿಡಗಳಲ್ಲಿ ಆ ಚೂರುಗಳನ್ನೇ ಪತ್ತೆಹಚ್ಚಿದರು.

ಆದರೆ ಎರಡು ಮಾತುಗಳನ್ನು ಮರೆಯಬಾರದು. ಮೊದಲನೆಯದು, ಚೇತರಿಸಿಕೊಂಡಂತೆ ತೋರುವ ಎಲೆಯಲ್ಲಿಯೂ ವೈರಸ್ ಅಲ್ಪ ಪ್ರಮಾಣದಲ್ಲಿ ಉಳಿದಿರುತ್ತದೆ. ಎರಡನೆಯದು, ವೈರಸ್ಸೂ ಸುಮ್ಮನಿರುವುದಿಲ್ಲ. ಕಟ್ಟೆ ವೈರಸ್ ಸೇರಿರುವ ಕುಟುಂಬದ ಅನೇಕ ವೈರಸ್‌ಗಳು ಆ ಚೂರುಗಳನ್ನೇ ಹಿಡಿದಿಟ್ಟು ಕಾವಲನ್ನು ಕುರುಡಾಗಿಸುವ ಪ್ರೋಟೀನನ್ನು ತಯಾರಿಸುತ್ತವೆ. ಚಳಿ ಹೆಚ್ಚಿದಾಗಲೂ ಈ ಕಾವಲು ಮಂಕಾಗುತ್ತದೆಂದು 2003ರ ಪ್ರಯೋಗಗಳು ತೋರಿಸಿವೆ. ನನ್ನ ಕಂದುಗಳಲ್ಲಿ ಕಾಳಗ ಮುಗಿದಿರಲಿಲ್ಲ. ಲಕ್ಷಣ ಹೊರಬರುವುದಷ್ಟೇ ಬಾಕಿಯಿತ್ತು. ಕಟ್ಟೆಯ ಸೋಂಕು ತಗುಲಿ ಗೆರೆ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟು. ರೋಗದ ಬುಡದಿಂದ ಎಂತಹ ಚೆಲುವಾದ ಕಂದನ್ನೂ ಎತ್ತಬೇಡಿ. ಗೆರೆ ಕಂಡ ಬುಡವನ್ನು ಗಡ್ಡೆಸಹಿತ ಕಿತ್ತು ನಾಶಮಾಡಿ. ನಿಂತ ಗಿಡದೊಳಗಿನ ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ. ಕಟ್ಟೆ ಬೀಜದಿಂದ ಹರಡುವುದಿಲ್ಲ. ಸಸಿಮಡಿಯನ್ನು ಹಳೆಯ ತೋಟದಿಂದ ದೂರದಲ್ಲಿ ಮಾಡಿರಿ. ವೈರಸ್ಸನ್ನು ಹೊತ್ತು ತರುವ ಹೇನು ಬಾಳೆ ಮತ್ತು ಕೆಸುವಿನ ಮೇಲೂ ಬದುಕುತ್ತದೆ. ಏಲಕ್ಕಿಯ ನಡುವಿನ ಕಾಡುಕೆಸುವನ್ನು ತೆಗೆಯಿರಿ.

ಕೊನೆಯದಾಗಿ, ರೋಗ ತುಂಬಿದ ತೋಟದಲ್ಲಿ ವರ್ಷಗಟ್ಟಲೆ ಸೋಂಕಿಲ್ಲದೆ ನಿಂತ ಇಡೀ ಬುಡವಿದ್ದರೆ, ಅದರ ವಿಷಯ ಬೇರೆ. ಅಂತಹ ಬುಡಗಳನ್ನು ಆಯ್ದು ಪರೀಕ್ಷಿಸಿಯೇ ಕೊಡಗಿನ ಅಪ್ಪಂಗಳದ ಸಂಶೋಧನಾ ಕೇಂದ್ರವು ಕಟ್ಟೆ ನಿರೋಧಕ ‘ವಿಜೇತ’ ತಳಿಯನ್ನು ರೂಪಿಸಿತು. ನಿಮ್ಮಲ್ಲಿ ಅಂತಹದೊಂದು ಬುಡವಿದ್ದರೆ ಗುರುತು ಹಾಕಿ, ವಿಜ್ಞಾನಿಗಳಿಗೆ ತೋರಿಸಿ. ಹಲವು ಬಗೆಯ ಏಲಕ್ಕಿ ನಮ್ಮ ಬೆಟ್ಟಗಳಲ್ಲಿ ಉಳಿದರೆ ಮಾತ್ರ ಅಂತಹ ಆಯ್ಕೆ ಮುಂದೆಯೂ ಸಾಧ್ಯ. ಅದನ್ನು ಉಳಿಸುವ ಹೊಣೆ ನಮ್ಮದು.