ತಾಯಿಯ ಹಾಲು, ತಾಯಿಯ ಕೂಲಿ

(ಹಿರೀಸಾವೆಯ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

 

ಲೆಕ್ಕಪತ್ರವನ್ನು ಖಜಾಂಚಿಯವರು ಓದಿದ್ದಾರೆ. ಅಂಕಪಟ್ಟಿ, ಫೀಸು, ಹಾಸ್ಟೆಲಿನ ಮಾತು ಪ್ರತಿ ವರ್ಷವೂ ಇದ್ದದ್ದೇ. ಈ ಸಲ ಶಾಲೆಗಿಂತ ಹಿಂದಿನ ಒಂದು ವಿಷಯ ಎತ್ತಿಕೊಂಡಿದ್ದೇವೆ: ಮಗುವಿನ ಮೊದಲ ಎರಡು ವರ್ಷ, ತಾಯಿಹಾಲು. ತುಂಬಿದ ಸಭೆಯಲ್ಲಿ ಆಡುವ ಮಾತೇ ಇದು ಎಂದು ಕೆಲವರಿಗೆ ಸಂಕೋಚ ಆಗಬಹುದು. ಆದರೆ ಪವಿತ್ರ ಕುರ್‌ಆನಿನ ಅಲ್ ಬಕರಾ ಅಧ್ಯಾಯದ 233ನೇ ಆಯತ್ತು ಈ ವಿಷಯವನ್ನು ಸಂಕೋಚವಿಲ್ಲದೆ ಹೇಳುತ್ತದೆ. ಪೂರ್ತಿ ಎರಡು ವರ್ಷದ ಅವಧಿಯನ್ನು ಹೇಳಿ, ಆ ಕಾಲದಲ್ಲಿ ತಾಯಿಯ ಊಟ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಇಡುತ್ತದೆ. ಮೊದಲ ಅರ್ಧ ಎಲ್ಲರ ಮನೆಯಲ್ಲೂ ಕೇಳಿಬರುತ್ತದೆ. ಎರಡನೇ ಅರ್ಧ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಇವತ್ತಿನ ನಮ್ಮ ಮಾತು ಆ ಎರಡನೇ ಅರ್ಧದ ಬಗ್ಗೆ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ಅದೊಂದೇ, ಆಮೇಲೆ ಮೆತ್ತಗಿನ ಊಟದ ಜೊತೆಗೆ ಎರಡು ವರ್ಷ ಮತ್ತು ಅದಕ್ಕೂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟೇ. ಆಶಾ ಕಾರ್ಯಕರ್ತೆಯರೂ ಇದನ್ನೇ ಹೇಳುತ್ತಾರೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿ. ದೇಶದಲ್ಲಿ ನೂರಕ್ಕೆ 88.6 ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ಮೊದಲ ಗಂಟೆಯಲ್ಲಿ ಹಾಲು ಕಂಡ ಮಕ್ಕಳು ನೂರಕ್ಕೆ 41.8 ಮಾತ್ರ. ಆಸ್ಪತ್ರೆಯ ಬಾಗಿಲ ತನಕ ಬಂದ ಮೇಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಗಂಟೆ ತಪ್ಪಿದೆ.

ಒಂದು ಕಾರಣ ಮನೆಯೊಳಗೇ ಇದೆ. ಸಕ್ಕರೆ ನೀರು, ಜೇನು, ಕೆಲವು ಕಡೆ ಕತ್ತೆ ಹಾಲು ಮೊದಲು ನೆಕ್ಕಿಸುತ್ತಾರೆ. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲುವವರೂ ಇದ್ದಾರೆ. ನಮ್ಮದು ಡೇರಿ ಹಾಲಿನ ಸೀಮೆ. ಹಸು ಕರು ಹಾಕಿದರೆ ಗಿಣ್ಣು ಕಾಯಿಸಿಕೊಂಡು ತಿನ್ನುತ್ತೇವೆ, ಕರುವಿಗೂ ಗಿಣ್ಣು ಹಾಲು ತಪ್ಪಿಸುವುದಿಲ್ಲ. ತಾಯಿಯ ಗಿಣ್ಣು ಹಾಲು ಮಾತ್ರ ಬೇಡವಾಯಿತೆ? ಅದರಲ್ಲಿ ಮಗುವಿಗೆ ರೋಗ ತಡೆಯುವ ಶಕ್ತಿ ಇರುತ್ತದೆ. ತಹ್ನೀಕ್ ಮಾಡಿಸುವ ಮನೆಯವರಿಗೆ ಒಂದು ವಿನಂತಿ: ಹಿರಿಯರು ಬರಲಿ ಎಂದು ಎದೆಹಾಲು ನಿಲ್ಲಿಸಿ ಕಾಯಬೇಡಿ. ಜೇನನ್ನು ವರ್ಷ ತುಂಬುವ ತನಕ ಕೊಡಲೇಬಾರದು ಎನ್ನುತ್ತಾರೆ ವೈದ್ಯರು.

ಇದು ತಿಳಿವಳಿಕೆಯ ಮಾತಾಯಿತು. ನಿಜವಾದ ವ್ಯತ್ಯಾಸ ಇರುವುದು ಕೂಲಿಯಲ್ಲಿ. ಸರ್ಕಾರಿ ಶಾಲೆಯ ಮೇಡಂಗೆ 180 ದಿನದ ಹೆರಿಗೆ ರಜೆ, ಸಂಬಳದ ಸಮೇತ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಯಲ್ಲಿ ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ 26 ವಾರ. ಮಗುವಿಗೆ ಹದಿನೈದು ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು, ಐವತ್ತು ಜನರಿರುವ ಕಡೆ ಕೂಸಿನ ಮನೆ. ಹಾಸನದ ಗಾರ್ಮೆಂಟ್ಸಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಈ ಸಾಲನ್ನು ಬರೆದಿಟ್ಟುಕೊಳ್ಳಿ, ಇದು ಯಾರೂ ಕೊಡುವ ದಯೆಯಲ್ಲ.

ತೆಂಗಿನ ನಾರಿನ ಕೆಲಸ, ಹೊಗೆಸೊಪ್ಪಿನ ಹೊಲ, ಆಲೂಗಡ್ಡೆ ಬಿತ್ತನೆ, ಮನೆಗೆಲಸ, ಶಾದಿಮಹಲಿನ ಅಡುಗೆ. ಇಲ್ಲಿ ದುಡಿಯುವವಳಿಗೆ ರಜೆ ಎಂದರೆ ಕೂಲಿ ಇಲ್ಲದ ದಿನ. ನಲವತ್ತು ದಿನದ ಚಿಲ್ಲಾ ಮುಗಿದ ಕೂಡಲೇ ಮಗುವನ್ನು ದಾದಿಯ ಕೈಗೆ ಕೊಟ್ಟು ಹೊರಡುತ್ತಾಳೆ. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಊರುತ್ತದೆ. ಹಗಲೆಲ್ಲ ಚೀಪದಿದ್ದರೆ ಹಾಲು ಇಳಿಯುತ್ತದೆ. ಆಗ ಮನೆಯವರು ಹೇಳುವುದು, ಅವಳಿಗೆ ಹಾಲು ಸಾಲುತ್ತಿಲ್ಲ ಎಂದು. ಹಾಗೆನ್ನುವುದು ಅನ್ಯಾಯ. ಸಾಲದೆ ಹೋಗಿರುವುದು ಮನೆಯ ಸಂಪಾದನೆ.

ಉಳ್ಳವರ ಮನೆಯ ಕಥೆ ಬೇರೆ. ಇಂಗ್ಲೆಂಡ್, ಅಮೆರಿಕದಲ್ಲಿ ಓದಿದ, ಅನುಕೂಲಸ್ಥ ತಾಯಂದಿರೇ ಹೆಚ್ಚು ಕಾಲ ಹಾಲುಣಿಸುತ್ತಾರೆ. ನಮ್ಮಂಥ ದೇಶಗಳಲ್ಲಿ ಬಹುಕಾಲದಿಂದ ಬಡವರೇ ಮುಂದೆ, ಹಣ ಬಂದ ಮನೆಗೆ ಡಬ್ಬಿಯೂ ಬಾಟಲಿಯೂ ಬೇಗ ಬರುತ್ತವೆ. ಸಿಸೇರಿಯನ್ ಕೂಡ ಸೇರಿಸಿ. ಅದೇ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4 ಹೆರಿಗೆ ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಹೊಲಿಗೆಯ ನೋವಿನಲ್ಲಿ ಮಲಗಿದ ತಾಯಿಯ ಎದೆಗೆ ಮಗುವನ್ನು ಹಿಡಿಯಲು ಪಕ್ಕದಲ್ಲಿ ಒಬ್ಬರು ಬೇಕು.

ಹಜ್ರತ್ ಹಲೀಮಾ ಸಅದಿಯಾ(ರ) ಅವರನ್ನು ನೆನೆಯೋಣ. ಬರಗಾಲದ ವರ್ಷ ಮಕ್ಕಾಕ್ಕೆ ಬಂದವರು, ಸವಾರಿಯ ಪ್ರಾಣಿ ಬಡಕಲು, ಸ್ವಂತ ಮಗುವಿಗೇ ಹಾಲು ಸಾಲದ ಸ್ಥಿತಿ. ಹಾಲುಣಿಸಿ ಸಿಗುವ ಸಂಭಾವನೆಗಾಗಿ ಬಂದ ಹೆಂಗಸರು ತಂದೆಯಿಲ್ಲದ ಕೂಸನ್ನು ಬಿಟ್ಟರು, ಹಲೀಮಾ ಎತ್ತಿಕೊಂಡರು. ಆ ಕೂಸೇ ನಮ್ಮ ಪ್ರವಾದಿ(ಸ). ಸೀರತ್ ಗ್ರಂಥಗಳು ಇದನ್ನು ಬರಕತ್ತಿನ ಕಥೆಯಾಗಿ ಹೇಳುತ್ತವೆ. ಹಾಲು, ಹಸಿವು, ಸಂಭಾವನೆ ಮೂರೂ ಅದರಲ್ಲಿವೆ.

ಈಗ ದಾನಿಗಳಿಗೆ. ರಮಜಾನ್ ಕಿಟ್‌ನಲ್ಲಿ ಮಕ್ಕಳ ಹಾಲಿನ ಪುಡಿ ಡಬ್ಬಿ ಸೇರಿಸಿ ಎಂದು ಕೆಲವರು ಪ್ರೀತಿಯಿಂದ ಹೇಳಿದರು. ನಾವು ಬೇಡ ಎಂದೆವು. 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾಯ್ದೆಯಂತೆ ಅನಾಥಾಶ್ರಮವನ್ನು ಬಿಟ್ಟು ಬೇರೆ ಯಾರಿಗೂ ಆ ಡಬ್ಬಿ, ಬಾಟಲಿಗಳನ್ನು ದಾನ ಮಾಡುವಂತಿಲ್ಲ. ಕಾಯ್ದೆ ಹಾಗಿರಲಿ, ಉಚಿತ ಡಬ್ಬಿ ಖಾಲಿಯಾಗುವ ಹೊತ್ತಿಗೆ ಎದೆಹಾಲೂ ಬತ್ತಿರುತ್ತದೆ. ಮುಂದಿನ ಡಬ್ಬಿಗೆ ದುಡ್ಡಿಲ್ಲದೆ ನೀರು ಹೆಚ್ಚು ಮಾಡಿ ಕುಡಿಸುತ್ತಾರೆ, ಭೇದಿ ಹಿಡಿಯುತ್ತದೆ. ವೈದ್ಯರು ಬರೆದುಕೊಟ್ಟ ಮಗುವಿನ ಮಾತು ಬೇರೆ. ಅಂಥ ತಾಯಿಯನ್ನು ಯಾರೂ ಚುಚ್ಚಿ ಮಾತಾಡಬೇಡಿ.

ಡಬ್ಬಿಯ ಹಣವನ್ನು ತಾಯಿಯ ತಟ್ಟೆಗೆ ಕೊಡಿ: ಬೇಳೆ, ಮೊಟ್ಟೆ, ಎಣ್ಣೆ, ರಾಗಿ. ಅದಕ್ಕಿಂತ ಹೆಚ್ಚು ಬೇಕಾಗಿರುವುದು ಕಳೆದುಹೋಗುವ ಕೂಲಿಯ ಒಂದು ಭಾಗ. ಸರ್ಕಾರದ್ದನ್ನೂ ಬಿಡಬೇಡಿ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. 2017ರಿಂದ ಇರುವ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹೊಂದಿಸಿಕೊಡಲು ನಮ್ಮ ವಿದ್ಯಾರ್ಥಿವೇತನ ಪಡೆದ ಮಕ್ಕಳೇ ಕೂರುತ್ತಾರೆ.

ಕೊನೆಗೆ ಅರ್ಜಿಯ ವಿಷಯ. ನರ್ಸಿಂಗ್, ಬಿ.ಎಡ್., ಡಿಗ್ರಿ ಓದುವಾಗಲೇ ತಾಯಿಯಾದ ಹೆಣ್ಣುಮಕ್ಕಳು ಅರ್ಜಿ ಹಾಕದೆ ಸುಮ್ಮನಾಗುತ್ತಿದ್ದಾರೆ. ಹೆರಿಗೆಗೆ ಒಂದು ವರ್ಷ ಬಿಟ್ಟರೂ ವಿದ್ಯಾರ್ಥಿವೇತನ ರದ್ದಾಗುವುದಿಲ್ಲ, ಮತ್ತೆ ಸೇರಿದ ದಿನದಿಂದ ಮುಂದುವರಿಯುತ್ತದೆ. ಎರಡು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಅರ್ಜಿಯ ಕೊನೆಯ ಪುಟದಲ್ಲಿ ಅದಕ್ಕೊಂದು ಸಾಲು ಇದೆ, ತುಂಬಿಸಿ ಕೊಡಿ. ಅದನ್ನು ಓದುವುದು ನಮ್ಮ ಮಹಿಳಾ ಸದಸ್ಯರು ಮಾತ್ರ.