ಪೊಟ್ಟಣ ಯಾರ ನಾಲಿಗೆಗೆ?

ಸಭೆಯಲ್ಲಿ ಅರವತ್ತು ದಾಟಿದವರು ಹಲವರಿದ್ದೀರಿ. ಶಾಲೆಯಲ್ಲಿ ಕೊಡುತ್ತಿದ್ದ ಹಳದಿ ಉಪ್ಪಿಟ್ಟನ್ನು ನೀವು ಮರೆತಿರಲಾರಿರಿ. ಕೇರ್ ಉಪ್ಪಿಟ್ಟು ಎಂದೇ ಅದರ ಹೆಸರು. ಜೊತೆಗೆ ಪುಡಿ ಹಾಲು. ಎಣ್ಣೆ ಡಬ್ಬದ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರ. ಆ ‘ಕೇರ್’ ಎಂಬ ಹೆಸರು ಹುಟ್ಟಿದ್ದು ಯುದ್ಧದ ಪೊಟ್ಟಣದಿಂದ.

ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪು ಹಸಿದಿತ್ತು. ಅಮೆರಿಕದ 22 ಸಂಘಸಂಸ್ಥೆಗಳು ಸೇರಿ 1945ರ ನವೆಂಬರಿನಲ್ಲಿ ಕೇರ್ ಸಂಸ್ಥೆಯನ್ನು ಕಟ್ಟಿದವು. ಅಮೆರಿಕದಲ್ಲಿದ್ದವರು 10 ಡಾಲರ್ ಕಟ್ಟಿದರೆ ಯೂರೋಪಿನ ನೆಂಟರಿಗೆ ಒಂದು ಪೆಟ್ಟಿಗೆ ಹೋಗುತ್ತಿತ್ತು. ಪಡೆದವರು ಹಾಕಿದ ಸಹಿ ಕಳಿಸಿದವರ ಕೈಗೆ ವಾಪಸು ಬರುತ್ತಿತ್ತು. ಮೊದಲ ಪೆಟ್ಟಿಗೆಗಳು ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲಿ ಇಳಿದದ್ದು 1946ರ ಮೇ 11ರಂದು. ಒಳಗಿದ್ದುದು ಅಮೆರಿಕದ ಸೈನ್ಯದಲ್ಲಿ ಮಿಕ್ಕಿದ್ದ ಪಡಿ, ಹತ್ತು ಸಿಪಾಯಿಗಳ ಒಂದು ದಿನದ ಊಟ. ಡಬ್ಬಿ ಮಾಂಸ, ಹಾಲಿನ ಪುಡಿ, ಸಕ್ಕರೆ, ಕಾಫಿ. ಸಿಪಾಯಿಗೆಂದು ಕಟ್ಟಿದ್ದನ್ನು ಮಕ್ಕಳೂ ಮುದುಕರೂ ತಿಂದರು. ಹಸಿದವರು ರುಚಿ ಕೇಳುವುದಿಲ್ಲ ಎನ್ನುತ್ತಾರೆ. ಅದು ಅರ್ಧ ಸತ್ಯ. ಹಂದಿಮಾಂಸ ಮುಟ್ಟದ ಯಹೂದಿಗಳಿಗಾಗಿ ಕೇರ್ ಬೇರೆ ಪೆಟ್ಟಿಗೆಯನ್ನೇ ಮಾಡಬೇಕಾಯಿತು.

ಇದು ಹೊಸ ಪಾಠವೇನಲ್ಲ. 1914ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ 17 ವರ್ಷದ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಹಣ ಕೂಡಿಸಿ, ಸೈನಿಕರಿಗೆ ಹಿತ್ತಾಳೆಯ ಪುಟ್ಟ ಪೆಟ್ಟಿಗೆ ಹಂಚಲಾಯಿತು. ಅದರಲ್ಲಿ ತಂಬಾಕು, ಸಿಗರೇಟು. ಆದರೆ ತಂಬಾಕು ಮುಟ್ಟದ ಸಿಖ್ಖರಿಗೆ ಸಕ್ಕರೆ ಮಿಠಾಯಿ, ಜೊತೆಗೆ ಒಂದು ತಗಡಿನ ಡಬ್ಬಿಯಲ್ಲಿ ಸಂಬಾರ ಪದಾರ್ಥ! ಪ್ರೀತಿಯಷ್ಟೇ ಭಯವೂ ಇದರ ಹಿಂದೆ ಇದ್ದಿರಬೇಕು. ಕೊಬ್ಬು ಸವರಿದ ತೋಟಾ 1857ರಲ್ಲಿ ಎಬ್ಬಿಸಿದ ಗಲಭೆಯನ್ನು ಆಳುವವರು ಮರೆತಿರಲಿಕ್ಕಿಲ್ಲ.

ಕೇರ್ ಭಾರತಕ್ಕೆ ಬಂದ ಮೇಲೆ ಪೆಟ್ಟಿಗೆ ಹೋಗಿ ಮೂಟೆ ಬಂತು. 1954ರ ಪಿ.ಎಲ್. 480 ಕಾಯಿದೆಯಡಿ ಅಮೆರಿಕ ಸರ್ಕಾರ ಕೊಟ್ಟ ಮಿಗತೆ ಆಹಾರ ಅದು. ಅದಕ್ಕೆ ಕಳಿಸಿದ ನೆಂಟರಿಲ್ಲ, ಸಹಿ ಹಾಕಿ ಪಡೆಯುವವರೂ ಇಲ್ಲ. ಗೋಧಿ ನುಚ್ಚು, ಜೋಳ-ಸೋಯಾ ಬೆರಕೆ ಈ ಕಡೆಯ ಮಕ್ಕಳ ನಾಲಿಗೆಗೆ ಪರಕೀಯ. ಶಾಲೆಗಳಲ್ಲಿ ಅದಕ್ಕೆ ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡಿದರು. ಕಳಿಸಿದವರು ಮಾಡದ ಕೆಲಸವನ್ನು ಒಲೆಯ ಮುಂದೆ ನಿಂತವರು ಮಾಡಿದರು ಎನ್ನಬೇಕು.

ಇನ್ನು ಮನೆಯಿಂದ ಹೋಗುವ ಪೊಟ್ಟಣ. ಸೈನ್ಯದಲ್ಲಿರುವ ಮಗನ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ನಂಬರು, ಹುದ್ದೆ, ಹೆಸರು, ಘಟಕ, ಕೊನೆಗೆ ‘56 ಎ.ಪಿ.ಓ.’ ಅಥವಾ ‘99 ಎ.ಪಿ.ಓ.’. ಮೊದಲನೆಯದರ ಅಂಚೆ ದೆಹಲಿಯ ಮೂಲಕ ಹೋಗುತ್ತದೆ, ಎರಡನೆಯದರದು ಕೋಲ್ಕತ್ತದ ಮೂಲಕ. ಆಮೇಲೆ ಹಿಮವೋ ಮರಳೋ, ವಿಳಾಸ ಬರೆದ ತಾಯಿಗೆ ತಿಳಿಯದು. ಎಷ್ಟು ದಿನಕ್ಕೆ ತಲುಪೀತು ಎಂಬುದೂ ಅಷ್ಟೆ. ಆದ್ದರಿಂದ ಕೆಡದೆ ಇರುವುದನ್ನೇ ಹುಡುಕಬೇಕು.

ಈ ವಿಷಯದಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಮನೆಗಳು ಪುಣ್ಯವಂತ ಮನೆಗಳು. ಅಟ್ಟಕ್ಕೇರಿಸಿದ ತೆಂಗಿನಕಾಯಿ ಹತ್ತು-ಹನ್ನೊಂದು ತಿಂಗಳು ನೆರಳಲ್ಲೇ ಒಣಗಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಅಲುಗಾಡಿದರೆ ಉಂಡೆ ಕೊಬ್ಬರಿ. ಹಸಿ ಕಾಯಿಯ ಹೂರಣ ತುಂಬಿದ ಒಬ್ಬಟ್ಟು ದೆಹಲಿ ದಾಟುವ ಮೊದಲೇ ಹಳಸುತ್ತದೆ. ಉಂಡೆ ಕೊಬ್ಬರಿಯನ್ನು ಹಾಗೇ ಬಟ್ಟೆಯಲ್ಲಿ ಹೊಲಿದು, ಪಕ್ಕದಲ್ಲಿ ಒಂದು ಅಚ್ಚು ಬೆಲ್ಲವಿಟ್ಟರೆ ಸಾಕು, ಎಷ್ಟೇ ತಡವಾದರೂ ಅಲ್ಲಿ ಒಡೆದು ಹಂಚಿಕೊಂಡು ತಿನ್ನಬಹುದು.