ವಿಡಿಯೋ ಆಟಗಳ ವಾರ್ತೆ, ವಿಮರ್ಶೆ: ಯಾರ ಮಾತನ್ನು ನಂಬುವುದು?



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಅವನು ರಕ್ತದೊತ್ತಡ, ಸಕ್ಕರೆ ಕಾಯಿಲೆ ಇಲ್ಲವೆ ಹೃದಯದ ಆರೋಗ್ಯವನ್ನು ಕುರಿತು ಮಾತನಾಡುತ್ತಾನೆಂಬುದು ನಮ್ಮ ಕೂಟಗಳಲ್ಲಿ ರೂಢಿಯಾಗಿಬಿಟ್ಟಿದೆ. ಊಟಕ್ಕೆ ಮುಂಚೆ ಆ ಮಾತು, ಊಟದ ನಂತರ ಹೋಳಿಗೆ. ಈ ಸಲ ಬೇರೆ ವಿಷಯವನ್ನು ನಾವೇ ಕೇಳಿ ಪಡೆದುಕೊಂಡೆವು. ಕಾರಣ ಸರಳವಾದುದು. ಚಿಕಿತ್ಸಾಲಯಕ್ಕೆ ಬರುವ ತಾಯಂದಿರು ಮಗುವಿನ ಕೆಮ್ಮಿನ ವಿಷಯ ಮುಗಿದ ಮೇಲೆ ಬಾಗಿಲ ಬಳಿ ನಿಂತು, "ಡಾಕ್ಟ್ರೆ, ಇವನು ಒಂದು ಆಟ ಬೇಕೆಂದು ಹಟ ಹಿಡಿದಿದ್ದಾನೆ, ಕೊಡಿಸಬಹುದೆ?" ಎಂದು ಕೇಳುತ್ತಾರೆ. ಅತಿಯಾದ ಆಟವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಬಳಕೆಗೆ ಬಂದಿದೆ. ಆದರೆ ತಾಯಂದಿರ ಪ್ರಶ್ನೆ ರೋಗದ್ದಲ್ಲ. ಎಪ್ಪತ್ತು ಡಾಲರು, ಅದರ ಮೇಲೆ ನ್ಯೂ ಜೆರ್ಸಿಯ ಮಾರಾಟ ತೆರಿಗೆ ಶೇಕಡಾ 6.625, ಇಷ್ಟನ್ನು ತೆತ್ತು ಮನೆಗೆ ತರುವ ವಸ್ತು ಎಂಥದೆಂದು ಪ್ರಾಮಾಣಿಕವಾಗಿ ಹೇಳುವವರು ಯಾರು ಎಂಬುದೇ ಆ ಪ್ರಶ್ನೆಯ ತಿರುಳು.

ಈ ಪ್ರಶ್ನೆ ನಮ್ಮ ವೃತ್ತಿಗೆ ಹೊಸತಲ್ಲ. ನಾವು ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ ಔಷಧ ಕಂಪನಿಯ ಪ್ರತಿನಿಧಿ ಚರ್ಮದ ಚೀಲ ಹಿಡಿದು ಬಂದು ಪೆನ್ನು, ಕ್ಯಾಲೆಂಡರು, ಸ್ಯಾಂಪಲ್ ಮಾತ್ರೆಗಳನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಇಲ್ಲಿಗೆ ಬಂದು ರೆಸಿಡೆನ್ಸಿ ಮಾಡುವಾಗ ಪೆನ್ನಿನ ಜಾಗದಲ್ಲಿ ಮಧ್ಯಾಹ್ನದ ಊಟ ಬಂತು. ಊಟ ಹಾಕಿದವನ ಮಾತ್ರೆಯ ಹೆಸರು ಕೈಬರಹದಲ್ಲಿ ತಾನಾಗಿಯೇ ಮೂಡುತ್ತದೆಂಬುದನ್ನು ಯಾರೂ ನಮಗೆ ಕಲಿಸಬೇಕಾಗಿರಲಿಲ್ಲ. ಆದಕಾರಣವೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆ 1984ರಲ್ಲಿ ಲೇಖಕರು ತಮ್ಮ ಹಣಕಾಸಿನ ಸಂಬಂಧಗಳನ್ನು ತಿಳಿಸಬೇಕೆಂಬ ನಿಯಮವನ್ನು ತಂದಿತು. 2010ರ ಕಾನೂನಿನ ಫಲವಾಗಿ ಯಾವ ಕಂಪನಿ ಯಾವ ವೈದ್ಯನಿಗೆ ಎಷ್ಟು ಕೊಟ್ಟಿತೆಂಬುದನ್ನು ಇಂದು ಯಾರು ಬೇಕಾದರೂ ಸರಕಾರದ ದಾಖಲೆಯಲ್ಲಿ ನೋಡಬಹುದು. ತಾವು ಇಂದು ರಾತ್ರಿ ಮನೆಗೆ ಹೋಗಿ ನಮ್ಮ ಹೆಸರನ್ನೂ ಹುಡುಕಬಹುದು, ಅಭ್ಯಂತರವಿಲ್ಲ. ಆಟಗಳ ವಿಮರ್ಶಕರಿಗೆ ಅಂತಹ ಸಾರ್ವಜನಿಕ ದಾಖಲೆ ಇಲ್ಲ. ಅಲ್ಲಿಂದಲೇ ತೊಡಕು ಆರಂಭವಾಗುತ್ತದೆ.

ಈ ಬಗೆಯ ಪತ್ರಿಕಾವೃತ್ತಿ ಹುಟ್ಟಿದ್ದು ಬಹುಮಟ್ಟಿಗೆ ನಮ್ಮ ಈ ಊರಿನಲ್ಲೇ ಎಂಬುದು ಅನೇಕರಿಗೆ ತಿಳಿದಿರಲಾರದು. 1981ರಲ್ಲಿ ಆರ್ನಿ ಕ್ಯಾಟ್ಜ್, ಬಿಲ್ ಕುಂಕೆಲ್ ಮತ್ತು ಜಾಯ್ಸ್ ವರ್ಲಿ ಎಂಬ ಮೂವರು ನ್ಯೂ ಯಾರ್ಕಿನಲ್ಲಿ 'ಎಲೆಕ್ಟ್ರಾನಿಕ್ ಗೇಮ್ಸ್' ಎಂಬ ಪತ್ರಿಕೆಯನ್ನು ತಂದರು. ಚಲನಚಿತ್ರವನ್ನು ವಿಮರ್ಶಿಸುವಂತೆ ಆಟವನ್ನೂ ವಿಮರ್ಶಿಸಬಹುದೆಂಬ ವಿಚಾರಕ್ಕೆ ಈ ದೇಶದಲ್ಲಿ ನೆಲೆ ಒದಗಿಸಿದವರು ಅವರು. ಕ್ವೀನ್ಸ್‌ನ ಆಸ್ಟೋರಿಯಾದಲ್ಲಿರುವ ಚಲನಚಿತ್ರ ವಸ್ತುಸಂಗ್ರಹಾಲಯ 1989ರಲ್ಲಿ ಹಳೆಯ ಆಟದ ಯಂತ್ರಗಳ ಪ್ರದರ್ಶನವನ್ನೇ ಏರ್ಪಡಿಸಿತು. ಅದೇ ಕಾಲದಲ್ಲಿ ಇಲ್ಲಿ ಬೆಳೆಯುತ್ತಿದ್ದ ನಮ್ಮವರ ಮಕ್ಕಳ ಕೈಗೆ ಬಂದದ್ದು 1988ರಲ್ಲಿ ಆರಂಭವಾದ 'ನಿಂಟೆಂಡೊ ಪವರ್'. ಅದನ್ನು ಪ್ರಕಟಿಸುತ್ತಿದ್ದುದು ನಿಂಟೆಂಡೊ ಕಂಪನಿಯೇ! ಅಂಗಡಿಯ ಯಜಮಾನನನ್ನೇ "ಬೇಳೆ ಚೆನ್ನಾಗಿದೆಯೆ?" ಎಂದು ಕೇಳಿದಂತೆ. ಮುಂದೆ ಬಹು ದೊಡ್ಡ ಪ್ರಸಾರ ಗಳಿಸಿದ 'ಗೇಮ್ ಇನ್ಫಾರ್ಮರ್' ಪತ್ರಿಕೆಯ ಒಡೆತನ ಆಟಗಳನ್ನು ಮಾರುವ ಗೇಮ್‌ಸ್ಟಾಪ್ ಅಂಗಡಿಗಳದ್ದಾಗಿತ್ತು. ಅಲ್ಲಿ ಬರೆಯುತ್ತಿದ್ದವರಲ್ಲಿ ಪ್ರಾಮಾಣಿಕರಿದ್ದರು, ಅದರಲ್ಲಿ ಸಂದೇಹವಿಲ್ಲ. ಆದರೆ ಓದುಗನಿಗೆ ಒಡೆಯ ಯಾರೆಂಬ ಅರಿವಿರಬೇಕು.

ಒಡೆಯನಿಗಿಂತಲೂ ಬಲಶಾಲಿ ಜಾಹೀರಾತುದಾರ. 2007ರ ನವೆಂಬರಿನಲ್ಲಿ 'ಗೇಮ್‌ಸ್ಪಾಟ್' ಎಂಬ ಪ್ರಸಿದ್ಧ ತಾಣದ ಹಿರಿಯ ವಿಮರ್ಶಕ ಜೆಫ್ ಗರ್ಸ್ಟ್‌ಮನ್ 'ಕೇನ್ ಅಂಡ್ ಲಿಂಚ್' ಎಂಬ ಆಟಕ್ಕೆ ಹತ್ತಕ್ಕೆ ಆರು ಅಂಕ ಕೊಟ್ಟರು. ಆ ದಿನಗಳಲ್ಲಿ ತಾಣದ ತುಂಬ ಅದೇ ಆಟದ ಜಾಹೀರಾತು. ಕೆಲವೇ ದಿನಗಳಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಕಾರಣವನ್ನು ಬಹಿರಂಗವಾಗಿ ಹೇಳಲು ಅವರಿಗೆ ಸಾಧ್ಯವಾದದ್ದು 2012ರಲ್ಲಿ. ಜಾಹೀರಾತುದಾರರ ಒತ್ತಡಕ್ಕೆ ಆಡಳಿತ ಮಣಿದಿತ್ತು. ನಾವು ಈ ಪ್ರಸಂಗವನ್ನು ಪದೇ ಪದೇ ನೆನೆಯುವುದಕ್ಕೆ ಕಾರಣವುಂಟು. ಆರು ಅಂಕವೆಂದರೆ ಬೈಗುಳವಲ್ಲ, "ಪರವಾಗಿಲ್ಲ" ಎಂಬ ಮಾತು. ಪರವಾಗಿಲ್ಲ ಎಂದದ್ದಕ್ಕೆ ಕೆಲಸ ಹೋಗುವುದಾದರೆ ಉಳಿದವರ ಲೇಖನಿಯಿಂದ ಎಂಟು, ಒಂಬತ್ತು ಅಂಕಗಳು ಹೊರಡುವುದರಲ್ಲಿ ಆಶ್ಚರ್ಯವೇನು?

ಈಗಿನ ಮಕ್ಕಳು ಓದುವುದಕ್ಕಿಂತ ನೋಡುವುದೇ ಹೆಚ್ಚು. ಯೂಟ್ಯೂಬಿನಲ್ಲಿ ತರುಣನೊಬ್ಬ ಕಿರುಚುತ್ತಾ ಆಡುತ್ತಾನೆ, ನಮ್ಮ ಮಕ್ಕಳು ಅವನನ್ನು ಸೋದರಮಾವನಂತೆ ನಂಬುತ್ತಾರೆ. 2014ರಲ್ಲಿ 'ಶ್ಯಾಡೋ ಆಫ್ ಮೊರ್ಡಾರ್' ಎಂಬ ಆಟ ಬಂದಾಗ ವಾರ್ನರ್ ಬ್ರದರ್ಸ್ ಸಂಸ್ಥೆ ಇಂತಹ ಜನಪ್ರಿಯರಿಗೆ ಹಣ ಕೊಟ್ಟು ಹೊಗಳಿಕೆಯ ವಿಡಿಯೋಗಳನ್ನು ಮಾಡಿಸಿತು. ಆಟದ ದೋಷಗಳನ್ನು ತೋರಿಸಕೂಡದೆಂಬ ಕಟ್ಟಳೆಯೂ ಇತ್ತು. ಹಣ ಪಡೆದ ಸಂಗತಿ, ಬರೆದಿದ್ದರೂ, "ಇನ್ನಷ್ಟು ತೋರಿಸು" ಎಂಬುದನ್ನು ಒತ್ತಿದವರಿಗೆ ಮಾತ್ರ ಕಾಣುವಂತೆ ಕೆಳಗೆ ಹುದುಗಿತ್ತು. ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿ 2016ರ ಜುಲೈಯಲ್ಲಿ ರಾಜಿ ಪ್ರಕಟಿಸುವ ಹೊತ್ತಿಗೆ ಆ ವಿಡಿಯೋಗಳನ್ನು 55 ಲಕ್ಷಕ್ಕೂ ಹೆಚ್ಚು ಸಲ ಜನ ನೋಡಿಯಾಗಿತ್ತು.

ಅಂಕಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಸತ್ಯ ಸಿಕ್ಕೀತು ಎನ್ನುವವರಿದ್ದಾರೆ. 2001ರಲ್ಲಿ ಆರಂಭವಾದ 'ಮೆಟಾಕ್ರಿಟಿಕ್' ಮಾಡುವುದು ಇದನ್ನೇ. ಸರಾಸರಿಯ ಮೇಲೆ ವೈದ್ಯನಿಗೆ ವಿಶ್ವಾಸ ಸ್ವಲ್ಪ ಕಡಿಮೆ. ವಾರ್ಡಿನ ಎಲ್ಲ ರೋಗಿಗಳ ಸರಾಸರಿ ಜ್ವರ 99 ಡಿಗ್ರಿ ಎಂದು ತಿಳಿದರೆ ಯಾವ ಹಾಸಿಗೆಯ ಬಳಿಗೆ ಓಡಬೇಕೆಂಬುದು ತಿಳಿಯುವುದಿಲ್ಲ. ಈ ಸಂಖ್ಯೆಯಿಂದ ಬದುಕುಗಳೂ ಅಲುಗಿವೆ. 2010ರ 'ಫಾಲ್‌ಔಟ್: ನ್ಯೂ ವೇಗಸ್' ಆಟವನ್ನು ನಿರ್ಮಿಸಿದ ಆಬ್ಸಿಡಿಯನ್ ತಂಡಕ್ಕೆ 85 ಅಂಕ ಬಂದರೆ ಬೋನಸ್ ಎಂಬ ಒಪ್ಪಂದವಿತ್ತು. ಬಂದದ್ದು 84.

2020ರ ಡಿಸೆಂಬರ್ 10ರಂದು ಬಿಡುಗಡೆಯಾದ 'ಸೈಬರ್‌ಪಂಕ್ 2077'ರ ಪ್ರಸಂಗ ಇನ್ನೂ ಬೋಧಪ್ರದ. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಕೊಟ್ಟದ್ದು ಕಂಪ್ಯೂಟರಿನ ಪ್ರತಿ ಮಾತ್ರ, ಅದರಿಂದ ತಾವೇ ಚಿತ್ರೀಕರಿಸಿದ ದೃಶ್ಯಗಳನ್ನು ತೋರಿಸಲೂ ಅನುಮತಿಯಿರಲಿಲ್ಲ. ಅಂಕಗಳು ಭರ್ಜರಿಯಾಗಿ ಬಂದವು. ಆದರೆ ಮಧ್ಯಮವರ್ಗದ ಮನೆಗಳಲ್ಲಿದ್ದ ಹಳೆಯ ಪ್ಲೇಸ್ಟೇಷನ್ 4 ಯಂತ್ರದಲ್ಲಿ ಆ ಆಟ ತತ್ತರಿಸುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಸೋನಿ ಸಂಸ್ಥೆ ತನ್ನ ಅಂಗಡಿಯಿಂದ ಅದನ್ನು ತೆಗೆದು ಹಣ ಹಿಂದಿರುಗಿಸಲು ಮುಂದಾಯಿತು. ವಿಮರ್ಶಕರು ಸುಳ್ಳು ಹೇಳಿದ್ದರೆಂದು ನಾವು ಭಾವಿಸುವುದಿಲ್ಲ. ಅವರು ಪರೀಕ್ಷಿಸಿದ ರೋಗಿಯೇ ಬೇರೆ, ಅಷ್ಟೆ. ಆದುದರಿಂದ ವಿಮರ್ಶೆಯಲ್ಲಿ ಮೊದಲು ಹುಡುಕಬೇಕಾದದ್ದು ಅಂಕವನ್ನಲ್ಲ. ಯಾವ ಯಂತ್ರದ ಮೇಲೆ ಆಡಿದರು, ಎಷ್ಟು ಗಂಟೆ ಆಡಿದರು, ಪ್ರತಿಯನ್ನು ಕೊಂಡರೆ ಅಥವಾ ಕಂಪನಿ ಕೊಟ್ಟಿತೆ, ಆಡಿದ್ದು ಬಿಡುಗಡೆಗೆ ಮುಂಚೆಯೋ ಅನಂತರವೋ. ಔಷಧ ಪ್ರಯೋಗದ ವರದಿಯಲ್ಲಿ ನಾವು ಸಾರಾಂಶವನ್ನು ಬಿಟ್ಟು ಮೊದಲು 'ವಿಧಾನ' ಎಂಬ ಭಾಗವನ್ನು ಓದುವುದು ಇದೇ ಕಾರಣಕ್ಕೆ. ಈ ನಾಲ್ಕೂ ಸಂಗತಿಗಳನ್ನು ಹೇಳದ ವಿಮರ್ಶೆಯನ್ನು ಬದಿಗಿಡಬಹುದು.

ತಾಯಂದಿರಿಗೆ ಪೆಟ್ಟಿಗೆಯ ಮೇಲಿನ ಅಕ್ಷರಗಳ ಬಗ್ಗೆ ಒಂದು ಮಾತು. ಇ, ಟಿ, ಎಂ ಎಂಬ ಆ ಗುರುತುಗಳನ್ನು ಕೊಡುವ ಇ.ಎಸ್.ಆರ್.ಬಿ. ಸಂಸ್ಥೆ ಇರುವುದು ನ್ಯೂ ಯಾರ್ಕಿನಲ್ಲಿ. 1993ರ ಡಿಸೆಂಬರಿನಲ್ಲಿ ಸೆನೆಟರ್ ಲೀಬರ್‌ಮನ್ ಮತ್ತು ಕೋಲ್ ಅವರು 'ಮಾರ್ಟಲ್ ಕಾಂಬ್ಯಾಟ್' ಮುಂತಾದ ಆಟಗಳ ಮೇಲೆ ವಿಚಾರಣೆ ನಡೆಸಿದಾಗ ಸರಕಾರವೇ ಕೈಹಾಕೀತೆಂಬ ಭಯದಿಂದ ಉದ್ಯಮ 1994ರಲ್ಲಿ ತಾನೇ ಇದನ್ನು ಕಟ್ಟಿಕೊಂಡಿತು. ಅಂಗಡಿಯ ಪೆಟ್ಟಿಗೆಯಲ್ಲಿ ಬರುವ ಆಟಗಳಿಗೆ ಗುರುತು ಕೊಡುವವರು ಆಟವನ್ನು ಪೂರ್ತಿ ಆಡಿ ಕೊಡುವುದಿಲ್ಲ. ಪ್ರಕಾಶಕರು ತುಂಬಿದ ಪ್ರಶ್ನಾವಳಿ ಮತ್ತು ಅವರೇ ಕಳಿಸಿದ ದೃಶ್ಯಾವಳಿಯನ್ನು ನೋಡಿ ನಿರ್ಧರಿಸುತ್ತಾರೆ. ರೋಗಿ ತಾನೇ ಹೇಳಿದ ಚರಿತ್ರೆಯ ಮೇಲೆ ರೋಗನಿದಾನ ಮಾಡಿದ ಹಾಗೆ. ಬಹುತೇಕ ಸರಿ ಬರುತ್ತದೆ, ಒಮ್ಮೊಮ್ಮೆ ತಪ್ಪುತ್ತದೆ. 'ಗ್ರಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್' ಆಟದೊಳಗೆ ಬಚ್ಚಿಟ್ಟಿದ್ದ ಅಶ್ಲೀಲ ಭಾಗವೊಂದು 2005ರಲ್ಲಿ ಬಯಲಾದಾಗ ಅದರ ಗುರುತನ್ನೇ ಬದಲಾಯಿಸಬೇಕಾಯಿತು. ಆದ್ದರಿಂದ ಅಕ್ಷರದ ಜೊತೆಗೆ ಅದರ ಪಕ್ಕದಲ್ಲಿರುವ ಸಣ್ಣ ವಿವರಗಳನ್ನೂ, ಆಟದೊಳಗೆ ಮತ್ತೆ ಹಣ ಕೇಳುತ್ತಾರೆಯೆ ಎಂಬ ಸೂಚನೆಯನ್ನೂ ಓದಬೇಕು. 'ಫೋರ್ಟ್‌ನೈಟ್' ಆಟದ ಎಪಿಕ್ ಸಂಸ್ಥೆ 2022ರ ಡಿಸೆಂಬರಿನಲ್ಲಿ 52 ಕೋಟಿ ಡಾಲರು ತೆರಲು ಒಪ್ಪಿತು. ಅದರಲ್ಲಿ 24.5 ಕೋಟಿ ಇಷ್ಟವಿಲ್ಲದ ಖರೀದಿಗೆ ಸಿಲುಕಿದವರಿಗೆ ಮರಳಿಸಲು.

ಇಷ್ಟೆಲ್ಲ ಕೇಳಿ ಯಾರನ್ನೂ ನಂಬಬಾರದೆಂಬ ನಿರ್ಧಾರಕ್ಕೆ ತಾವು ಬರಕೂಡದು. ವಾರ್ತೆಯ ವಿಷಯದಲ್ಲಿ ಈ ಊರು ಮಾಡಿದ ಒಳ್ಳೆಯ ಕೆಲಸವೂ ಉಂಟು. 2004ರಲ್ಲಿ ನ್ಯೂ ಯಾರ್ಕಿನ ಗಾಕರ್ ಸಂಸ್ಥೆಯಿಂದ ಹೊರಟ 'ಕೊಟಾಕು' ಗಾಳಿಸುದ್ದಿ, ಹರಟೆಗಳ ನಡುವೆಯೇ ಗಟ್ಟಿಯಾದ ವರದಿಗಾರಿಕೆಯನ್ನೂ ಬೆಳೆಸಿತು. ಗುಟ್ಟುಗಳನ್ನು ಪ್ರಕಟಿಸಿದ್ದಕ್ಕಾಗಿ ಎರಡು ದೊಡ್ಡ ಪ್ರಕಾಶನ ಸಂಸ್ಥೆಗಳು ತಮ್ಮೊಡನೆ ಮಾತನ್ನೇ ನಿಲ್ಲಿಸಿವೆಯೆಂದು ಅದರ ಸಂಪಾದಕ ಸ್ಟೀಫನ್ ಟೊಟಿಲೊ 2015ರಲ್ಲಿ ಬರೆದರು. ನಮ್ಮ ದೃಷ್ಟಿಯಲ್ಲಿ ಅದೊಂದು ಯೋಗ್ಯತಾಪತ್ರ. 2018ರ ಅಕ್ಟೋಬರಿನಲ್ಲಿ ಅಲ್ಲೇ ಜೇಸನ್ ಶ್ರೈಯರ್ ಅವರು ರಾಕ್‌ಸ್ಟಾರ್ ಸಂಸ್ಥೆಯ ಹತ್ತಾರು ನೌಕರರನ್ನು ಮಾತನಾಡಿಸಿ, 'ರೆಡ್ ಡೆಡ್ ರಿಡೆಂಪ್ಷನ್ 2' ಆಟವನ್ನು ಮುಗಿಸಲು ಅವರು ರಾತ್ರಿ, ವಾರಾಂತ್ಯಗಳೆನ್ನದೆ ದುಡಿದ ಬಗೆಯನ್ನು ದೀರ್ಘವಾಗಿ ವರದಿ ಮಾಡಿದರು.

ಇದು ಕನ್ನಡಿಗರಿಗೆ ಪರರ ಮನೆಯ ಸುದ್ದಿಯಲ್ಲ. ರಾಕ್‌ಸ್ಟಾರ್ ಮತ್ತು ಅದರ ಮಾತೃಸಂಸ್ಥೆ ಟೇಕ್-ಟೂ ಇರುವುದು ಮ್ಯಾನ್‌ಹಾಟನ್ನಿನಲ್ಲಿ, ಅದರ ಒಂದು ಕಾರ್ಯಾಲಯವಿರುವುದು ಬೆಂಗಳೂರಿನಲ್ಲಿ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಕಟ್ಟಿದ, ಭಾರತದ ಆಟ-ನಿರ್ಮಾಣಕ್ಕೆ ಅಡಿಗಲ್ಲಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡು ಅದರೊಳಗೆ ಸೇರಿಸಿತು. ಇಲ್ಲಿ ಎಡಿಸನ್ನಿನ ಮಗು ಆಡುವ ಆಟದ ಮರಗಿಡ, ಮನೆ, ಕುದುರೆಗಳನ್ನು ರಚಿಸುವವರಲ್ಲಿ ನಮ್ಮ ಅಕ್ಕ-ತಂಗಿಯರ ಮಕ್ಕಳಿರಬಹುದು. ಅವರು ಎಷ್ಟು ಗಂಟೆಗೆ ಮನೆ ಸೇರುತ್ತಾರೆಂಬುದನ್ನು ಜಾಹೀರಾತು ಹೇಳುವುದಿಲ್ಲ, ವರದಿಗಾರ ಹೇಳಬೇಕು. ಆಟದ ಪತ್ರಿಕೆಗಳನ್ನು ಹುಡುಗಾಟವೆಂದು ತಳ್ಳಿಹಾಕುವ ಹಿರಿಯರು ಇದನ್ನು ಗಮನಿಸಬೇಕೆಂದು ನಮ್ಮ ವಿನಂತಿ.

ಆದರೆ ಇಂತಹ ವರದಿಗಾರರ ಕಾಲಡಿಯ ನೆಲ ಕುಸಿಯುತ್ತಿದೆ. ಗೇಮ್‌ಸ್ಟಾಪ್ 2024ರ ಆಗಸ್ಟಿನಲ್ಲಿ 'ಗೇಮ್ ಇನ್ಫಾರ್ಮರ್' ಅನ್ನು ಮುಚ್ಚಿತು. ಮುಚ್ಚಿದ್ದಷ್ಟೇ ಅಲ್ಲ, ತಾಣದಲ್ಲಿದ್ದ ವರ್ಷಗಟ್ಟಲೆಯ ಬರಹಗಳು ಅಂದೇ ಕಣ್ಮರೆಯಾದವು. 2025ರಲ್ಲಿ ಬೇರೊಂದು ಸಂಸ್ಥೆ, ಅದೂ ಆಟ ತಯಾರಿಸುವ ಸಂಸ್ಥೆಯೇ, ಅದನ್ನು ಕೊಂಡು ಮತ್ತೆ ಜೀವ ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ 'ಪಾಲಿಗಾನ್' ಮಾರಾಟವಾಗಿ ಅನೇಕರು ಕೆಲಸ ಕಳೆದುಕೊಂಡರು, ಜುಲೈಯಲ್ಲಿ 'ಕೊಟಾಕು' ಇನ್ನೊಬ್ಬರ ಪಾಲಾಯಿತು. ಜಾಹೀರಾತಿನ ಹಣ ಬತ್ತಿದಾಗ ಮೊದಲು ಒಣಗುವುದು ತಿಂಗಳುಗಟ್ಟಲೆ ಶ್ರಮ ಬೇಡುವ ಬರಹ.

ಉಳಿದಿರುವ ದಾರಿ ಚಂದಾದಾರನದು. 'ಕೊಟಾಕು' ಬಿಟ್ಟ ಕೆಲವರು 2023ರ ನವೆಂಬರಿನಲ್ಲಿ 'ಆಫ್ಟರ್‌ಮ್ಯಾತ್' ಎಂಬ ತಾಣವನ್ನು ಕಟ್ಟಿದರು. ಬರೆಯುವವರೇ ಅದರ ಒಡೆಯರು, ಓದುಗರ ಚಂದಾ ಅದರ ಆಧಾರ. ಟೊಟಿಲೊ ಅವರು 'ಗೇಮ್ ಫೈಲ್' ಎಂಬ ವಾರ್ತಾಪತ್ರವನ್ನು ಸ್ವತಂತ್ರವಾಗಿ ನಡೆಸುತ್ತಿದ್ದಾರೆ. ಶ್ರೈಯರ್ ಅವರು 2020ರಿಂದ ಬ್ಲೂಮ್‌ಬರ್ಗ್ ಸಂಸ್ಥೆಗೆ ಬರೆಯುತ್ತಿದ್ದಾರೆ, ಅದರ ಹೊಟ್ಟೆಪಾಡು ಆಟದ ಜಾಹೀರಾತಿನಿಂದಲ್ಲ. ಪುಟ್ಟ ಮಕ್ಕಳ ಪಾಲಕರಿಗೆ, ಒಳಗೆ ಏನಿದೆಯೆಂದು ವಿವರವಾಗಿ ಹೇಳುವ ಲಾಭೋದ್ದೇಶವಿಲ್ಲದ 'ಕಾಮನ್ ಸೆನ್ಸ್ ಮೀಡಿಯಾ' ಇದೆ. ಇವುಗಳಲ್ಲಿ ಯಾವುದೂ ಪೂರ್ಣ ನಿಷ್ಪಕ್ಷಪಾತವೆಂದು ನಾವು ಪ್ರಮಾಣ ಮಾಡುವುದಿಲ್ಲ. ಕ್ಲಿಷ್ಟವಾದ ಕಾಯಿಲೆಗೆ ಎರಡನೆಯ ವೈದ್ಯನ ಅಭಿಪ್ರಾಯ ಕೇಳುವಂತೆ ಎರಡು ಕಡೆ ಓದಿ ತಾಳೆ ನೋಡಬೇಕು. ಬಿಡುಗಡೆಯಾದ ದಿನವೇ ಕೊಳ್ಳದೆ ಮೂರು ವಾರ ಕಾಯುವುದು ಅತ್ಯಂತ ಅಗ್ಗದ ಔಷಧಿ. ಮಕ್ಕಳು ಇದನ್ನು ಒಪ್ಪುವುದಿಲ್ಲ, ಬಲ್ಲೆವು. ನಮ್ಮ ಅನೇಕ ಊರುಗಳ ಸಾರ್ವಜನಿಕ ಗ್ರಂಥಾಲಯಗಳು ಆಟಗಳನ್ನೂ ಎರವಲು ಕೊಡುತ್ತವೆ. ಒಂದು ವಾರ ಆಡಿ ನೋಡಿ ಆಮೇಲೆ ಕೊಳ್ಳಬಹುದು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಹಿಂದಿನ ಸಾಲಿನ ತರುಣರಲ್ಲಿ ಇಬ್ಬರು ಆಗಿನಿಂದ ತಲೆಯಾಡಿಸುತ್ತಿರುವುದನ್ನು ಕಂಡಿದ್ದೇವೆ, ಅದು ಸಮ್ಮತಿಯೋ ಅಸಮ್ಮತಿಯೋ ತಿಳಿಯದು. ಅವರಿಗೆ ನಮಗಿಂತ ಹೆಚ್ಚು ಗೊತ್ತಿರುವುದಂತೂ ನಿಜ. ಮೊದಲ ಪ್ರಶ್ನೆಯನ್ನು ಅವರೇ ಕೇಳಲಿ.